ಹಿಂದಿನ ಚಕ್ರಕ್ಕೆ ಡಿಸ್ಕ್ ಹಾಕಿಸಿದ ಮೇಗರವಳ್ಳಿಯ ಕಾರು: ಒಂದು ಪ್ರಕರಣ

ಜುಲೈ ಎರಡನೇ ವಾರದ ಒಂದು ಮಧ್ಯಾಹ್ನ. ಶಿವಮೊಗ್ಗದ ಸಾಗರ ರಸ್ತೆಯಲ್ಲಿರುವ ನಮ್ಮ ಗ್ಯಾರೇಜ್ ಮುಂದೆ ಟೋಯಿಂಗ್ ಗಾಡಿಯೊಂದು ಬಂದು ನಿಂತಿತು. ಅದರ ಮೇಲೆ 2011ರ ಬಿಳಿ ಹ್ಯಾಚ್‌ಬ್ಯಾಕ್. ಹಿಂದಿನ ಬಂಪರ್ ತುಂಬ ಕೆಸರು, ಹುಲ್ಲು. ಜೊತೆಗೆ ಬಂದವರು ಮೇಗರವಳ್ಳಿ ಕಡೆಯ ಅಡಿಕೆ ತೋಟದ ಗೌಡ್ರು ಮತ್ತು ಅವರ ಮಗ. ಗೌಡ್ರು ನನಗೆ ಹತ್ತು ವರ್ಷದಿಂದ ಪರಿಚಯ. ಅವರ ಜೀಪಿನ ಕೆಲಸ ನಮ್ಮಲ್ಲೇ ಆಗುವುದು. ಕಾರು ಮಾತ್ರ ಮಗನ ಕೈಯಲ್ಲಿತ್ತು, ಅದರ ಕೆಲಸ ಬೇರೆ ಊರಲ್ಲಿ ಆಗುತ್ತಿತ್ತು.

"ಹಿಂದಿನ ಎರಡೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಹಾಕ್ಸಿದೀವಿ ಮಾರಾಯ್ರೇ. ಆದ್ರೂ ಹಿಂಗಾಯ್ತು. ಎಂತ ಮಾಡೋದು ಹೇಳಿ," ಅಂದರು ಗೌಡ್ರು.

ಬೆಳಿಗ್ಗೆ ಮಗ ಒಬ್ಬನೇ ಶಿವಮೊಗ್ಗಕ್ಕೆ ಹೊರಟಿದ್ದ. ಮಂಡಗದ್ದೆ ದಾಟಿದ ಮೇಲೆ ಒಂದು ತಿರುವಿನಲ್ಲಿ ಎಮ್ಮೆ ಅಡ್ಡ ಬಂತು. ವೇಗ 50ರ ಆಸುಪಾಸು, ರಸ್ತೆ ಒದ್ದೆ. ಬ್ರೇಕ್ ಒತ್ತಿದ ಕೂಡಲೇ ಹಿಂಭಾಗ ಬಲಕ್ಕೆ ಎಳೆದುಕೊಂಡು ಹೋಯಿತು. ಕಾರು ಅಡ್ಡಡ್ಡ ತಿರುಗಿ, ಬಂದ ದಾರಿಯ ಕಡೆಗೇ ಮುಖ ಮಾಡಿ ಚರಂಡಿಗೆ ಇಳಿದು ನಿಂತಿತು. ಎದುರಿಂದ ಯಾವ ಗಾಡಿಯೂ ಬರುತ್ತಿರಲಿಲ್ಲ. ಹುಡುಗನಿಗೆ ಏನೂ ಆಗಲಿಲ್ಲ, ಎಮ್ಮೆಗೂ ಆಗಲಿಲ್ಲ.

ಇದಕ್ಕೆ ನಾಲ್ಕು ದಿನ ಮೊದಲು ಇನ್ನೊಂದು ಆಗಿತ್ತಂತೆ. ಅದನ್ನು ಅವರು ಮಾತಿನ ನಡುವೆ ಸುಮ್ನೆ ಹೇಳಿದರು. ಉಡುಪಿಗೆ ಹೋಗಿ ಘಾಟಿ ಹತ್ತಿ ಮನೆಗೆ ಬಂದು, ಇಳಿಜಾರಿನ ಅಂಗಳದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಕಾರು ನಿಲ್ಲಿಸಿದ್ದರು. ಕಾಫಿ ಕುಡಿದು ಹೊರಗೆ ಬರುವಷ್ಟರಲ್ಲಿ ಕಾರು ತಾನಾಗಿಯೇ ಉರುಳಿ ಜಂಬಿಟ್ಟಿಗೆ ಕಟ್ಟೆಗೆ ತಾಗಿ ನಿಂತಿತ್ತು. "ಹ್ಯಾಂಡ್‌ಬ್ರೇಕ್ ಸರಿ ಎಳೆದಿರಲಿಲ್ಲ ಅಂತ ಅಂದ್ಕೊಂಡ್ವಿ," ಅಂದ ಮಗ. ಅದು ಅಂಗಳದಲ್ಲಿ ಮಕ್ಕಳು ಆಡುವ ಹೊತ್ತು. ಮಂಡಗದ್ದೆಯ ಘಟನೆಗಿಂತ ಇದೇ ನನಗೆ ಜಾಸ್ತಿ ಹೆದರಿಕೆ ತಂದಿತು.

ಎಲ್ಲ ಶುರುವಾದದ್ದು ಏಪ್ರಿಲ್‌ನಲ್ಲಿ

ಡಿಸ್ಕ್ ಯಾಕೆ ಹಾಕಿಸಿದ್ರಿ ಅಂತ ಕೇಳಿದೆ. ಏಪ್ರಿಲ್‌ನಲ್ಲಿ ಐದು ಜನ ಕೂತು ಆಗುಂಬೆ ಘಾಟಿ ಇಳಿಯುತ್ತಿದ್ದರು. ಡಿಕ್ಕಿಯಲ್ಲಿ ಎರಡು ಚೀಲ ಸಾಮಾನು. ಹದಿನಾಲ್ಕು ಹೇರ್‌ಪಿನ್ ತಿರುವುಗಳಲ್ಲಿ ಒಂಬತ್ತೋ ಹತ್ತೋ ಮುಗಿದಿತ್ತು. ಪೆಡಲ್ ಇದ್ದಕ್ಕಿದ್ದಂತೆ ಮೆತ್ತಗಾಗಿ ಕೆಳಗೆ ಹೋಯಿತು. ಎರಡು ಮೂರು ಸಲ ಪಂಪ್ ಮಾಡಿದ ಮೇಲೆ ಹೇಗೋ ಹಿಡಿಯಿತು. ಗಾಡಿ ಬದಿಗೆ ನಿಲ್ಲಿಸಿ ಅರ್ಧ ಗಂಟೆ ಬಿಟ್ಟರು. ಆಮೇಲೆ ಪೆಡಲ್ ಮೊದಲಿನ ಹಾಗೇ ಆಯಿತು.

"ಯಾವ ಗೇರಲ್ಲಿ ಇಳೀತಿದ್ದೆ?"

"ಮೂರರಲ್ಲಿ ಅಣ್ಣ. ನೇರ ಇರೋ ಕಡೆ ನ್ಯೂಟ್ರಲ್. ಪೆಟ್ರೋಲ್ ಉಳಿಯುತ್ತೆ ಅಂತ."

ಇದನ್ನು ಬಹಳ ಜನ ನಂಬಿದ್ದಾರೆ. ಫ್ಯುಯೆಲ್ ಇಂಜೆಕ್ಷನ್ ಇರುವ ಕಾರು ಗೇರ್‌ನಲ್ಲಿ ಇಳಿಯುವಾಗ, ಆಕ್ಸಿಲರೇಟರ್ ಬಿಟ್ಟರೆ ಇಂಜಿನ್‌ಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ಚಕ್ರವೇ ಇಂಜಿನ್ ತಿರುಗಿಸುತ್ತದೆ. ನ್ಯೂಟ್ರಲ್‌ಗೆ ಹಾಕಿದರೆ ಇಂಜಿನ್ ಆರದಂತೆ ಪೆಟ್ರೋಲ್ ಕೊಡಲೇಬೇಕು. ಹಾಗಾಗಿ ಉಳಿತಾಯವೂ ಇಲ್ಲ, ಇಂಜಿನ್ ಹಿಡಿತವೂ ಇಲ್ಲ.

ಘಾಟಿ ಇಳಿದ ಮೇಲೆ ಒಂದು ಗ್ಯಾರೇಜಿನಲ್ಲಿ ತೋರಿಸಿದ್ದಾರೆ. "ಹಿಂದೆ ಡ್ರಮ್ ಬ್ರೇಕ್ ಇದೆಯಲ್ಲ, ಅದಕ್ಕೇ. ನಾಲ್ಕೂ ಡಿಸ್ಕ್ ಮಾಡಿಬಿಡಿ" ಅಂದರಂತೆ. ಮಗನಿಗೂ ಅದೇ ಆಸೆ ಇತ್ತು. ಮೇ ತಿಂಗಳಲ್ಲಿ 38 ಸಾವಿರ ರೂಪಾಯಿ ಕೊಟ್ಟು ಕೆಲಸ ಮಾಡಿಸಿದರು. ಗುಜರಿಯಿಂದ ತಂದ, ಇದಕ್ಕಿಂತ ದೊಡ್ಡ ಕಾರಿನ ಕ್ಯಾಲಿಪರ್, ಅಂದರೆ ಎರಡು ಪ್ಯಾಡ್‌ಗಳ ನಡುವೆ ಡಿಸ್ಕ್ ಹಿಸುಕಿ ಹಿಡಿಯುವ ಭಾಗ. ಅದೇ ಕಾರಿನ ಡಿಸ್ಕ್, ಹಬ್. ಹಿಡಿಸಲು ಕೈಯಲ್ಲೇ ಮಾಡಿದ ಬ್ರಾಕೆಟ್.

ಬಿಚ್ಚಿ ನೋಡಿದಾಗ

ಚಕ್ರದ ನಟ್ ಬಿಚ್ಚುವಾಗಲೇ ನಮ್ಮ ಹುಡುಗ ನನ್ನನ್ನು ಕರೆದ. "ಅಣ್ಣ, ಇದು ನಾಲ್ಕೂವರೆ ಸುತ್ತಿಗೇ ಕೈಗೆ ಬಂತು." 12 ಎಂಎಂ ಬೋಲ್ಟ್, 1.25 ಪಿಚ್, ಅಂದರೆ ಒಂದು ಸುತ್ತಿಗೆ ನಟ್ 1.25 ಎಂಎಂ ಸರಿಯುತ್ತದೆ. ಬೋಲ್ಟ್ ಎಷ್ಟು ದಪ್ಪ ಇದೆಯೋ ಕನಿಷ್ಠ ಅಷ್ಟು ಉದ್ದ ನಟ್ ಒಳಗೆ ಹಿಡಿದಿರಬೇಕು. ಅಂದರೆ ಹತ್ತು ಸುತ್ತಿನ ಹತ್ತಿರ. ಇಲ್ಲಿ ಆರು ಎಂಎಂ ಕೂಡ ಹಿಡಿದಿರಲಿಲ್ಲ. ದೊಡ್ಡ ಕ್ಯಾಲಿಪರ್ 13 ಇಂಚಿನ ರಿಮ್ಮಿನ ಒಳಗೆ ತಾಗುತ್ತಿದ್ದರಿಂದ ಚಕ್ರವನ್ನು ಹೊರಕ್ಕೆ ತಳ್ಳಲು ನಡುವೆ ಸ್ಪೇಸರ್ ಅನ್ನುವ ಬಿಲ್ಲೆ ತುರುಕಿದ್ದರು. ಬೋಲ್ಟ್ ಮಾತ್ರ ಹಳೆಯದೇ, ಅದೇ ಉದ್ದದ್ದು.

ಬ್ರಾಕೆಟ್ ಎಂಟು ಎಂಎಂ ಪ್ಲೇಟಿನದು, ಗ್ಯಾಸ್‌ನಲ್ಲಿ ಕತ್ತರಿಸಿದ್ದು. ತೂತು ಬೋಲ್ಟಿಗಿಂತ ಒಂದು ಎಂಎಂ ದೊಡ್ಡದು. ಹೀಗಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಕ್ಯಾಲಿಪರ್ ಅಷ್ಟು ಅಲುಗುತ್ತದೆ, ಬೋಲ್ಟ್ ಸಡಿಲವಾಗುತ್ತಾ ಬರುತ್ತದೆ. ಎಡಗಡೆಯ ಒಂದು ಬೋಲ್ಟ್ ಆಗಲೇ ಬೆರಳಲ್ಲಿ ತಿರುಗುತ್ತಿತ್ತು.

ಪೆಡಲ್ ಸ್ಪಂಜಿನ ಥರ ಇತ್ತು. ಕಾರಣ ಹುಡುಕಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕ್ಯಾಲಿಪರ್‌ನ ಏರ್ ತೆಗೆಯುವ ನಿಪ್ಪಲ್ ಯಾವಾಗಲೂ ಮೇಲೆ ಇರಬೇಕು, ಯಾಕೆಂದರೆ ಗಾಳಿ ಮೇಲಕ್ಕೇ ಹೋಗುತ್ತದೆ. ಇಲ್ಲಿ ಎರಡೂ ಕಡೆ ನಿಪ್ಪಲ್ ಕೆಳಗೆ ಮುಖ ಮಾಡಿತ್ತು. ಎಡದ ಕ್ಯಾಲಿಪರ್ ಬಲಕ್ಕೆ, ಬಲದ್ದು ಎಡಕ್ಕೆ ಹಾಕಿದ್ದರು. ಬ್ರಾಕೆಟ್ ಇದ್ದ ರೀತಿಗೆ ಹಾಗೆ ಮಾತ್ರ ಕೂರುತ್ತಿತ್ತು. ಇಂಥ ಕ್ಯಾಲಿಪರ್‌ಗೆ ಲೀಟರ್‌ಗಟ್ಟಲೆ ಬ್ರೇಕ್ ಆಯಿಲ್ ಸುರಿದು ಏರ್ ತೆಗೆದರೂ ಮೇಲಿನ ಗುಳ್ಳೆ ಅಲ್ಲೇ ಕೂತಿರುತ್ತದೆ. ಈ ಕಾರಿನಲ್ಲಿ ಬ್ರೇಕ್ ಲೈನ್ ಅಡ್ಡ ಜೋಡಿ: ಮುಂದಿನ ಎಡಕ್ಕೆ ಹಿಂದಿನ ಬಲ, ಮುಂದಿನ ಬಲಕ್ಕೆ ಹಿಂದಿನ ಎಡ. ಒಂದು ಲೈನ್ ಹೋದರೂ ಇನ್ನೊಂದು ಕೈ ಹಿಡಿಯಲಿ ಅಂತ ಮಾಡಿದ ವ್ಯವಸ್ಥೆ ಅದು. ಹಿಂದಿನ ಎರಡೂ ಕ್ಯಾಲಿಪರ್‌ನಲ್ಲಿ ಗಾಳಿ ಇದ್ದರೆ ಎರಡೂ ಲೈನ್ ಮೆತ್ತಗಾಗುತ್ತವೆ. ಆಗ ಕೈ ಹಿಡಿಯಲು ಯಾವುದೂ ಉಳಿಯುವುದಿಲ್ಲ.

ಮಳೆಯಲ್ಲೇ ಯಾಕೆ ತಿರುಗಿತು

ಪ್ರಕರಣದ ತಿರುಳು ಇಲ್ಲಿದೆ. ಹಾಗಾಗಿ ಸ್ವಲ್ಪ ಲೆಕ್ಕ ಮಾಡೋಣ. ಮಗನಿಗೂ ಇದನ್ನು ಹಳೇ ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಬರೆದೇ ತೋರಿಸಿದೆ.

ಡ್ರಮ್ಮಿನ ಒಳಗೆ ಎರಡು ಶೂ ಇರುತ್ತವೆ. ವೀಲ್ ಸಿಲಿಂಡರ್ ಅವನ್ನು ಹೊರಕ್ಕೆ ತಳ್ಳುತ್ತದೆ. ಕಾರು ಮುಂದೆ ಹೋಗುವಾಗ ಒಂದು ಶೂ ಡ್ರಮ್ ತಿರುಗುವ ದಿಕ್ಕಿಗೇ ಎಳೆದುಕೊಂಡು ಹೋಗಿ ಇನ್ನಷ್ಟು ಒತ್ತಿಕೊಳ್ಳುತ್ತದೆ. ಬಾಗಿಲ ಕೆಳಗೆ ಇಟ್ಟ ಬೆಣೆ ನೋಡಿ, ಬಾಗಿಲು ತಳ್ಳಿದಷ್ಟೂ ಬಿಗಿಯಾಗುತ್ತದೆ, ಅಲ್ವಾ? ಹಾಗೆ. ಈ ಸಹಾಯ ಇರುವುದರಿಂದಲೇ ಡ್ರಮ್ಮಿಗೆ ಚಿಕ್ಕ ಸಿಲಿಂಡರ್ ಸಾಕಾಗುತ್ತದೆ. ಡಿಸ್ಕ್‌ನಲ್ಲಿ ಈ ಬೆಣೆಯ ಕೆಲಸ ಇಲ್ಲ. ಎಷ್ಟು ಹಿಸುಕುತ್ತೀರೋ ಅಷ್ಟೇ ಹಿಡಿತ. ಅದಕ್ಕೇ ಕ್ಯಾಲಿಪರ್ ಪಿಸ್ಟನ್ ದೊಡ್ಡದು.

ಈ ಕಾರಿನ ಹಳೆಯ ವೀಲ್ ಸಿಲಿಂಡರ್ 17.5 ಎಂಎಂ. ವಿಸ್ತೀರ್ಣ ಸುಮಾರು 240 ಚದರ ಎಂಎಂ. ಬೆಣೆಯ ಗುಣ ಸೇರಿಸಿ ಎರಡೂ ಶೂಗೆ 2.2 ಪಟ್ಟು ಅಂತ ಇಟ್ಟುಕೊಂಡೆ. ಡ್ರಮ್ಮಿನ ಅರ್ಧವ್ಯಾಸ 90 ಎಂಎಂ. ಗುಣಿಸಿದರೆ 47,500 ಬರುತ್ತದೆ. ಹೊಸದಾಗಿ ಹಾಕಿದ ಕ್ಯಾಲಿಪರ್ ಪಿಸ್ಟನ್ 38 ಎಂಎಂ. ವಿಸ್ತೀರ್ಣ 1,134. ಪ್ಯಾಡ್ ಎರಡು ಕಡೆಯಿಂದ ಉಜ್ಜುತ್ತದೆ, ಒಂದು ಕಡೆಗೆ 0.38 ಘರ್ಷಣೆಯಂತೆ ಆ ಲೆಕ್ಕ 0.76. ಪ್ಯಾಡ್ ಕೂರುವ ಜಾಗದ ಅರ್ಧವ್ಯಾಸ 100 ಎಂಎಂ. ಗುಣಿಸಿದರೆ 86,000. ಅಂದರೆ ಪೆಡಲ್ ಮೇಲೆ ಅದೇ ಒತ್ತು ಇಟ್ಟರೆ ಹಿಂದಿನ ಚಕ್ರಕ್ಕೆ ಮೊದಲಿಗಿಂತ 1.8 ಪಟ್ಟು ಹಿಡಿತ.

"ಹಾಗಾದ್ರೆ ಒಳ್ಳೇದೇ ಅಲ್ವಾ ಅಣ್ಣ?" ಅಂದ ಮಗ. ಕೇಳಬೇಕಾದ ಪ್ರಶ್ನೆಯೇ ಅದು.

ಮುಂದಿನ ಕ್ಯಾಲಿಪರ್ 48 ಎಂಎಂ. ಅದೇ ರೀತಿ ಲೆಕ್ಕ ಹಾಕಿದರೆ ಸುಮಾರು 1,35,000. ಡ್ರಮ್ ಇದ್ದಾಗ ಒಟ್ಟು ಹಿಡಿತದಲ್ಲಿ ಹಿಂದಿನ ಪಾಲು ನೂರಕ್ಕೆ 26. ಡಿಸ್ಕ್ ಹಾಕಿದ ಮೇಲೆ ಅದು 39. ಈಗ ಹಿಂದಿನ ಚಕ್ರದ ಮೇಲೆ ಭಾರ ಎಷ್ಟಿರುತ್ತದೆ ನೋಡೋಣ. ಡ್ರೈವರ್ ಒಬ್ಬನೇ ಕೂತ ಇಂಥ ಕಾರು ನಿಂತಾಗ ಹಿಂದೆ ಇರುವ ಭಾರವೇ ನೂರಕ್ಕೆ 38ರ ಹತ್ತಿರ. ಬ್ರೇಕ್ ಒತ್ತಿದರೆ ಕಾರು ಮೂಗು ಬಗ್ಗಿಸುತ್ತದೆ, ಭಾರ ಮುಂದಕ್ಕೆ ಹೋಗುತ್ತದೆ. ಒದ್ದೆ ರಸ್ತೆಯಲ್ಲಿ ಟೈರು ಕೊಡಬಹುದಾದ ಹಿಡಿತಕ್ಕೆ ಲೆಕ್ಕ ಹಾಕಿದರೆ ಹಿಂದೆ ಉಳಿಯುವುದು 29.

ಭಾರ 29, ಬ್ರೇಕ್ 26 ಇದ್ದರೆ ಮುಂದಿನ ಚಕ್ರ ಮೊದಲು ಜಾಮ್ ಆಗುತ್ತದೆ. ಕಾರು ತಿರುಗುವುದಿಲ್ಲ, ನೇರ ಜಾರುತ್ತದೆ. ಪೆಡಲ್ ಸ್ವಲ್ಪ ಬಿಟ್ಟರೆ ಸ್ಟಿಯರಿಂಗ್ ಮತ್ತೆ ಕೈಗೆ ಬರುತ್ತದೆ. ಭಾರ 29, ಬ್ರೇಕ್ 39 ಇದ್ದರೆ ಹಿಂದಿನ ಚಕ್ರ ಮೊದಲು ಜಾಮ್. ಜಾಮ್ ಆದ ಟೈರಿಗೆ ಪಕ್ಕಕ್ಕೆ ಹಿಡಿಯುವ ಶಕ್ತಿ ಇರುವುದಿಲ್ಲ. ತಿರುವಿನಲ್ಲಿ ಹಿಂಭಾಗ ಮುಂಭಾಗವನ್ನು ದಾಟಲು ಹೊರಡುತ್ತದೆ. ಮಂಡಗದ್ದೆಯಲ್ಲಿ ಆದದ್ದು ಇದೇ. ಹುಡುಗ ಏನೂ ತಪ್ಪು ಮಾಡಿರಲಿಲ್ಲ.

ಹಿಂದಿನ ಲೈನ್‌ಗೆ ಪ್ರೊಪೋರ್ಷನಿಂಗ್ ವಾಲ್ವ್ ಅಂತ ಒಂದು ಇರುತ್ತದೆ. ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸುವುದು ಅದರ ಕೆಲಸ. ಅದು ಇಲ್ಲೂ ಇತ್ತು, ಸರಿಯಾಗೇ ಇತ್ತು. ಆದರೆ ಒತ್ತಡ ಒಂದು ಮಟ್ಟ ದಾಟಿದ ಮೇಲೆ ಮಾತ್ರ ಅದು ಕೆಲಸ ಶುರು ಮಾಡುತ್ತದೆ. ಒಣ ರಸ್ತೆಯಲ್ಲಿ ಜೋರಾಗಿ ಒತ್ತಿದಾಗ ಆ ಮಟ್ಟ ಬರುತ್ತದೆ. ಮಳೆಯಲ್ಲಿ ಅಷ್ಟು ಒತ್ತುವ ಮೊದಲೇ ಚಕ್ರ ಜಾಮ್ ಆಗಿರುತ್ತದೆ. ಮೇ ತಿಂಗಳ ಬಿಸಿಲಲ್ಲಿ ಟ್ರಯಲ್ ನೋಡಿದವರಿಗೆ "ಸಖತ್ ಬ್ರೇಕ್" ಅನ್ನಿಸಿದ್ದು ಇದಕ್ಕೇ. ಮಲೆನಾಡಿನ ಮಳೆಗಾಲ ಬಂದ ಮೇಲೆ ಅದರ ನಿಜ ಗೊತ್ತಾಯಿತು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್, ಅಂದರೆ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ, ಕಡ್ಡಾಯ. ಈ 2011ರ ಕಾರಿನಲ್ಲಿ ಅದಿಲ್ಲ. ಚಕ್ರ ಜಾಮ್ ಆದರೆ ಬಿಡಿಸುವವರು ಯಾರೂ ಇಲ್ಲ.

ಅಂಗಳದಲ್ಲಿ ಉರುಳಿದ ಕಾರು

ಕ್ಯಾಲಿಪರ್ ಒಳಗೇ ಹ್ಯಾಂಡ್‌ಬ್ರೇಕ್ ಕೂರಿಸಿದ ಜಾತಿ ಇದು. ಕೇಬಲ್ ಎಳೆದರೆ ಒಂದು ಸ್ಕ್ರೂ ತಿರುಗಿ ಪಿಸ್ಟನ್ ತಳ್ಳುತ್ತದೆ. ಪ್ಯಾಡ್ ಸವೆದಂತೆ ಆ ಸ್ಕ್ರೂ ತಾನೇ ಹೊಂದಿಸಿಕೊಳ್ಳುತ್ತದೆ. ಹೊಂದಿಸಿಕೊಳ್ಳಬೇಕಾದರೆ ಹ್ಯಾಂಡ್‌ಬ್ರೇಕ್ ಬಿಟ್ಟಾಗ ಕ್ಯಾಲಿಪರ್ ಮೇಲಿನ ಲಿವರ್ ಪೂರ್ತಿ ಹಿಂದಕ್ಕೆ ಬಂದು ಕೂರಬೇಕು. ಇಲ್ಲಿ ಡ್ರಮ್ಮಿನ ಹಳೇ ಕೇಬಲ್ಲನ್ನೇ ಕ್ಲಾಂಪ್ ಹಾಕಿ ಗಿಡ್ಡ ಮಾಡಿ ಎಳೆದು ಕಟ್ಟಿದ್ದರು. ಲಿವರ್ ಅರ್ಧ ದಾರಿಯಲ್ಲೇ ನಿಂತಿತ್ತು. ಇದರಿಂದ ಎರಡು ತೊಂದರೆ. ಪ್ಯಾಡ್ ಡಿಸ್ಕ್‌ನಿಂದ ದೂರ ಉಳಿದು ಪೆಡಲ್ ಉದ್ದವಾಯಿತು. ಹ್ಯಾಂಡ್‌ಬ್ರೇಕ್‌ಗೆ ಎಳೆಯಲು ಜಾಗವೇ ಉಳಿಯಲಿಲ್ಲ.

ಆದರೆ ಎಳೆದ ಕೂಡಲೇ ಹಿಡಿದಿತ್ತಲ್ಲ, ಕಾಫಿ ಕುಡಿಯುವಷ್ಟರಲ್ಲಿ ಯಾಕೆ ಬಿಟ್ಟಿತು? ಬಿಸಿಯಾದ ಡಿಸ್ಕ್ ಮತ್ತು ಪ್ಯಾಡ್ ಸ್ವಲ್ಪ ಹಿಗ್ಗಿರುತ್ತವೆ. ಆಗ ಹ್ಯಾಂಡ್‌ಬ್ರೇಕ್ ಎಳೆದರೆ ಹಿಗ್ಗಿದ ದಪ್ಪಕ್ಕೆ ಹಿಡಿಯುತ್ತದೆ. ತಣ್ಣಗಾದಂತೆ ದಪ್ಪ ಕಡಿಮೆಯಾಗಿ ಹಿಡಿತ ಸಡಿಲವಾಗುತ್ತದೆ. ಡ್ರಮ್ಮಿನಲ್ಲಿ ಇದು ಉಲ್ಟಾ. ಬಿಸಿ ಡ್ರಮ್ ತಣಿಯುತ್ತಾ ಕುಗ್ಗಿ, ಒಳಗಿರುವ ಶೂ ಮೇಲೆ ಬಿಗಿಯಾಗಿ ಕೂರುತ್ತದೆ. ಇಳಿಜಾರಿನ ಅಂಗಳದಲ್ಲಿ ಗಾಡಿ ನಿಲ್ಲಿಸುವ ನಮ್ಮ ಕಡೆಯವರಿಗೆ ಈ ಒಂದು ವ್ಯತ್ಯಾಸ ಬಹಳ ದೊಡ್ಡದು. ಕಾರ್ಖಾನೆಯಲ್ಲೇ ಹಿಂದಿನ ಡಿಸ್ಕ್ ಜೊತೆ ಬಂದ ಕಾರಿನಲ್ಲಿ ಇದನ್ನೆಲ್ಲ ಯೋಚಿಸಿ ಲಿವರ್, ಕೇಬಲ್ ಎಲ್ಲ ಕೊಟ್ಟಿರುತ್ತಾರೆ. ಎರಡು ಕಾರಿನ ಸಾಮಾನು ಸೇರಿಸಿದಲ್ಲಿ ಅದನ್ನು ಯೋಚಿಸಿದವರು ಯಾರೂ ಇರುವುದಿಲ್ಲ.

ಯಾರೂ ಮುಟ್ಟದ ಮುಂದಿನ ಚಕ್ರ

ಹಿಂದಿನದನ್ನು ನೋಡಿ ಮುಗಿಸಿದ ಮೇಲೂ ಒಂದು ಪ್ರಶ್ನೆ ಹಾಗೇ ಇತ್ತು. ಏಪ್ರಿಲ್‌ನಲ್ಲಿ ಪೆಡಲ್ ಕೆಳಗೆ ಹೋದದ್ದು ಯಾಕೆ? ಆಗ ಡಿಸ್ಕ್ ಹಾಕಿರಲೇ ಇಲ್ಲ.

ಮುಂದಿನ ಎಡ ಚಕ್ರ ಬಿಚ್ಚಿದೆವು. ಒಳಗಿನ ಪ್ಯಾಡ್‌ನಲ್ಲಿ ಉಜ್ಜುವ ಪದರ, ಅಂದರೆ ಲೈನರ್, ಎರಡು ಎಂಎಂ ಉಳಿದಿತ್ತು, ಹೊರಗಿನದರಲ್ಲಿ ಏಳು. ಕ್ಯಾಲಿಪರ್ ಜಾರುವ ಪಿನ್ ತುಕ್ಕು ಹಿಡಿದು ಕೂತುಬಿಟ್ಟಿತ್ತು. ಅಂದರೆ ಒಂದೇ ಪ್ಯಾಡ್ ಇಡೀ ಕೆಲಸ ಮಾಡುತ್ತಿತ್ತು, ಅದೂ ಬಿಡದೆ ಉಜ್ಜುತ್ತಾ. ನಿಪ್ಪಲ್ ತೆರೆದರೆ ಬಂದ ಬ್ರೇಕ್ ಆಯಿಲ್ ಡಿಕಾಕ್ಷನ್ ಬಣ್ಣದ್ದು. ಮೇ ತಿಂಗಳಲ್ಲಿ ಹಿಂದೆ ಅಷ್ಟೆಲ್ಲ ಕೆಲಸ ಮಾಡಿದಾಗಲೂ ಮುಂದಿನ ಲೈನ್‌ನ ಆಯಿಲ್ ಬದಲಿಸಿರಲಿಲ್ಲ. "ಕಾರು ತಗೊಂಡ ಮೇಲೆ ಆರು ವರ್ಷ ಆಯ್ತು, ಬದಲಾಯಿಸಿದ್ದು ನೆನಪಿಲ್ಲ," ಅಂದರು ಗೌಡ್ರು.

ಬ್ರೇಕ್ ಆಯಿಲ್ ಗಾಳಿಯಲ್ಲಿರುವ ತೇವ ಹೀರುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ ಇವು 230 ಮತ್ತು 155. ಆರು ವರ್ಷ ಮಲೆನಾಡಿನ ಮಳೆ ಕಂಡ ಆಯಿಲ್ ಎಲ್ಲಿರಬಹುದು ಯೋಚಿಸಿ. ಕುದಿದರೆ ಆವಿ ಗುಳ್ಳೆ. ಗುಳ್ಳೆ ಇದ್ದರೆ ಪೆಡಲ್ ಅದನ್ನು ಹಿಸುಕುತ್ತಾ ಕೆಳಗೆ ಹೋಗುತ್ತದೆ, ಚಕ್ರ ನಿಲ್ಲುವುದಿಲ್ಲ. ಅರ್ಧ ಗಂಟೆ ತಣಿದ ಮೇಲೆ ಆವಿ ಮತ್ತೆ ನೀರಾಗಿ ಪೆಡಲ್ ಸರಿಯಾಗುತ್ತದೆ. ಅವರು ಹೇಳಿದ ಲಕ್ಷಣಕ್ಕೂ ಇದಕ್ಕೂ ಒಂದಿಷ್ಟೂ ವ್ಯತ್ಯಾಸ ಇರಲಿಲ್ಲ.

ಬಿಸಿ ಎಷ್ಟು ಬರುತ್ತದೆ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಘಾಟಿಯಲ್ಲಿ 500 ಮೀಟರ್ ಎತ್ತರ ಇಳಿಯುತ್ತೇವೆ ಅಂತ ಇಟ್ಟುಕೊಳ್ಳಿ. ಆ ಶಕ್ತಿಯನ್ನೆಲ್ಲ ಬ್ರೇಕಿನಲ್ಲೇ ಕರಗಿಸಿದರೆ, ಗಂಟೆಗೆ 80 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸುವ ಬ್ರೇಕನ್ನು ಇಪ್ಪತ್ತು ಸಲ ಒತ್ತಿದಷ್ಟು ಬಿಸಿ. ಅದರಲ್ಲಿ ಮುಕ್ಕಾಲು ಪಾಲು ಮುಂದಿನ ಚಕ್ರಕ್ಕೆ. ಹಿಂದೆ ಡ್ರಮ್ ಇರಲಿ, ಡಿಸ್ಕ್ ಇರಲಿ, ಘಾಟಿಯಲ್ಲಿ ಮೊದಲು ಸೋಲುವುದು ಮುಂದಿನದೇ. ಮೇ ತಿಂಗಳಲ್ಲಿ ಖರ್ಚು ಮಾಡಿದ 38 ಸಾವಿರದಲ್ಲಿ ಒಂದು ರೂಪಾಯಿಯೂ ಏಪ್ರಿಲ್‌ನ ತೊಂದರೆಗೆ ತಲುಪಿರಲಿಲ್ಲ. ಇದನ್ನು ಹೇಳುವಾಗ ನನಗೆ ಸಂಕಟವಾಯಿತು. ಗೌಡ್ರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮುಂದೇನು

ಮಗನಿಗೆ ಡಿಸ್ಕ್ ಬಿಡಲು ಮನಸ್ಸಿರಲಿಲ್ಲ. "ಡ್ರಮ್ ಹಳೇ ಕಾಲದ್ದಲ್ವಾ ಅಣ್ಣ? ಇದನ್ನೇ ಸರಿ ಮಾಡೋಕಾಗಲ್ವಾ?"

ಡಿಸ್ಕ್ ಕೆಟ್ಟದ್ದು ಅಂತ ನಾನು ಯಾವತ್ತೂ ಹೇಳುವುದಿಲ್ಲ. ಹಳ್ಳ ದಾಟಿ ಬಂದರೆ ಡಿಸ್ಕ್ ಬೇಗ ಒಣಗುತ್ತದೆ, ಡ್ರಮ್ಮಿನೊಳಗೆ ನೀರು ಹೋದರೆ ಸ್ವಲ್ಪ ದೂರ ಮೆಲ್ಲಗೆ ಬ್ರೇಕ್ ತಾಗಿಸಿಕೊಂಡು ಹೋಗಿಯೇ ಒಣಗಿಸಬೇಕು. ಪ್ಯಾಡ್ ಎಷ್ಟು ಸವೆದಿದೆ ಅಂತ ಬಗ್ಗಿ ನೋಡಿದರೆ ಕಾಣುತ್ತದೆ. ಆದರೆ ಹಳೇ ಕಾಲದ್ದು ಅನ್ನುವ ಮಾತು ಸರಿಯಲ್ಲ. ಫೋಕ್ಸ್‌ವ್ಯಾಗನ್‌ನ ಐಡಿ.3, ಐಡಿ.4 ಎಲೆಕ್ಟ್ರಿಕ್ ಕಾರುಗಳಲ್ಲಿ ಹಿಂದೆ ಡ್ರಮ್ಮೇ ಇದೆ. ಅವುಗಳಲ್ಲಿ ಮೋಟಾರೇ ಬಹಳಷ್ಟು ಬ್ರೇಕ್ ಕೆಲಸ ಮಾಡುತ್ತದೆ, ಹಿಂದಿನ ಬ್ರೇಕಿಗೆ ಕೆಲಸ ಕಡಿಮೆ. ಕೆಲಸವಿಲ್ಲದ ಡಿಸ್ಕ್ ತುಕ್ಕು ಹಿಡಿಯುತ್ತದೆ, ಮುಚ್ಚಿದ ಡ್ರಮ್ ಹಿಡಿಯುವುದು ಕಡಿಮೆ. ನಮ್ಮ ಮಳೆಯಲ್ಲಿ ವಾರಗಟ್ಟಲೆ ನಿಂತ ಕಾರಿನ ಹಿಂದಿನ ಡಿಸ್ಕ್ ಕೆಂಪಗಾಗಿ ಪ್ಯಾಡ್ ಅಂಟಿಕೊಂಡದ್ದನ್ನು ನಾನೇ ಎಷ್ಟೋ ಸಲ ಬಿಡಿಸಿದ್ದೇನೆ.

ಸರಿ ಮಾಡಲು ದಾರಿ ಇದ್ದದ್ದು ಒಂದೇ. ಅದೇ ಮಾದರಿಯ ಕಾರು ಕಾರ್ಖಾನೆಯಿಂದಲೇ ಹಿಂದಿನ ಡಿಸ್ಕ್ ಜೊತೆ ಎಲ್ಲಾದರೂ ಬಂದಿದ್ದರೆ, ಅದರ ಹಿಂದಿನ ಆಕ್ಸಲ್, ಹಬ್, ಕ್ಯಾಲಿಪರ್, ಪ್ರೊಪೋರ್ಷನಿಂಗ್ ವಾಲ್ವ್, ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್, ಹ್ಯಾಂಡ್‌ಬ್ರೇಕ್ ಕೇಬಲ್ ಎಲ್ಲವನ್ನೂ ಒಂದೇ ಸೆಟ್ಟಾಗಿ ತಂದು ಹಾಕುವುದು. ಜೊತೆಗೆ ಆ ಕ್ಯಾಲಿಪರ್ ಕೂರುವಷ್ಟು ದೊಡ್ಡ ರಿಮ್. ಒಂದು ಸಾಮಾನು ಬಿಟ್ಟರೂ ಮೇಲಿನ ಲೆಕ್ಕ ಮತ್ತೆ ತಪ್ಪುತ್ತದೆ. ಈ ಮಾದರಿಗೆ ಅಂಥ ಸೆಟ್ ಇಲ್ಲಿ ಸಿಗುವಂತಿರಲಿಲ್ಲ. ವಾಲ್ವ್ ಒಂದನ್ನೇ ಬದಲಿಸಿ, ಕೈಯಲ್ಲಿ ತಿರುಗಿಸಿ ಹೊಂದಿಸುವಂಥದ್ದು ಹಾಕಬಹುದು ಅನ್ನುವವರಿದ್ದಾರೆ. ಹೊಂದಿಸಿ ಅಳೆಯಲು ಬೇಕಾದ ಯಂತ್ರ ನನ್ನ ಹತ್ತಿರ ಇಲ್ಲ. ಬೇರೆಯವರ ಮಗ ಓಡಿಸುವ ಕಾರಿನಲ್ಲಿ ಅಂದಾಜಿನ ಮೇಲೆ ಬ್ರೇಕ್ ಹೊಂದಿಸಲು ನನಗೆ ಧೈರ್ಯ ಬರುವುದಿಲ್ಲ.

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ಹೊಂದದ ಬದಲಾವಣೆ ಮಾಡಬಾರದು ಅಂತ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಇನ್ಶೂರೆನ್ಸ್‌ನವರಿಗೆ ಬ್ರೇಕ್ ಬದಲಿಸಿದ್ದನ್ನು ಇವರು ತಿಳಿಸಿರಲೂ ಇಲ್ಲ. ಮಂಡಗದ್ದೆಯಲ್ಲಿ ಯಾರಿಗಾದರೂ ಪೆಟ್ಟಾಗಿದ್ದರೆ ಆ ಮಾತು ಎದ್ದೇ ಏಳುತ್ತಿತ್ತು.

ಗೌಡ್ರೇ ಕೊನೆಗೆ ಮಾತು ಮುಗಿಸಿದರು. "ಹಳೇ ಸಾಮಾನು ಅಟ್ಟದ ಮೇಲೆ ಗೋಣಿಚೀಲದಲ್ಲಿ ಇದೆ. ನಾಳೆ ಕಳ್ಸಿ ಕೊಡ್ತೀನಿ. ಮೊದಲಿನ ಹಾಗೇ ಮಾಡಿಬಿಡಿ."

ಮಾಡಿದ ಕೆಲಸ

ಗೋಣಿಚೀಲ ಬಸ್ಸಿನಲ್ಲಿ ಬಂತು. ಬ್ಯಾಕ್ ಪ್ಲೇಟ್ ಎರಡೂ ಸರಿ ಇದ್ದವು. ತುಕ್ಕು ಉಜ್ಜಿ, ಶೂ ಕೂರುವ ಜಾಗಕ್ಕೆ ಬಿಸಿ ತಡೆಯುವ ಗ್ರೀಸ್ ಹಚ್ಚಿದೆವು. ಹಳೇ ಡ್ರಮ್ ಅಳೆದರೆ ಬಲದ್ದು 181.8 ಎಂಎಂ. ಡ್ರಮ್ ಮೇಲೆಯೇ 182 ದಾಟಬಾರದು ಅಂತ ಅಚ್ಚು ಒತ್ತಿರುತ್ತದೆ. ಲೇತ್‌ನಲ್ಲಿ ಟರ್ನಿಂಗ್ ಮಾಡಿಸಲು ಜಾಗ ಉಳಿದಿರಲಿಲ್ಲ. ಎರಡೂ ಹೊಸದು ತಂದೆವು. ಶೂ, ವೀಲ್ ಸಿಲಿಂಡರ್, ಸ್ಪ್ರಿಂಗ್ ಸೆಟ್, ಹ್ಯಾಂಡ್‌ಬ್ರೇಕ್ ಕೇಬಲ್, ಬೇರಿಂಗ್ ಮೇಲಿನ ನಟ್, ಎಲ್ಲ ಹೊಸದು.

ಡ್ರಮ್ ಕೆಲಸದಲ್ಲಿ ಒಂದು ಕ್ರಮವನ್ನು ನಮ್ಮ ಹುಡುಗರಿಗೆ ಯಾವಾಗಲೂ ಹೇಳುತ್ತೇನೆ. ಹ್ಯಾಂಡ್‌ಬ್ರೇಕ್ ಕೇಬಲ್ ಪೂರ್ತಿ ಸಡಿಲ ಬಿಟ್ಟು, ಮೊದಲು ಒಳಗಿನ ಅಡ್ಜಸ್ಟರ್‌ನಲ್ಲಿ ಶೂ ಹೊಂದಿಸಬೇಕು. ಕೈಯಲ್ಲಿ ಡ್ರಮ್ ತಿರುಗಿಸಿದರೆ ಸಣ್ಣಗೆ ಉಜ್ಜುವ ಸದ್ದು ಕೇಳಬೇಕು, ಬಿಗಿಯಾಗಬಾರದು. ಆಮೇಲೆ ಪೆಡಲ್ ಹತ್ತಾರು ಸಲ ಒತ್ತಬೇಕು. ಕೇಬಲ್ ಎಳೆಯುವುದು ಕಟ್ಟಕಡೆಗೆ. ಮೊದಲೇ ಕೇಬಲ್ ಬಿಗಿ ಮಾಡಿದರೆ ಅಡ್ಜಸ್ಟರ್ ಕೆಲಸ ಮಾಡುವುದಿಲ್ಲ, ಪೆಡಲ್ ಉದ್ದವಾಗುತ್ತದೆ. ಆಮೇಲೆ ಎಲ್ಲರೂ ಮಾಸ್ಟರ್ ಸಿಲಿಂಡರ್ ಮೇಲೆ ಅನುಮಾನ ಪಡುತ್ತಾರೆ.

ಮುಂದೆ ಎರಡೂ ಕಡೆ ಸ್ಲೈಡ್ ಪಿನ್ ಹೊಸದು, ಅದರ ರಬ್ಬರ್ ಹೊಸದು, ಪ್ಯಾಡ್ ಹೊಸದು. ಡಿಸ್ಕ್ ದಪ್ಪ ಮಿತಿಯೊಳಗೆ ಇತ್ತು, ಉಳಿಸಿಕೊಂಡೆವು. ನಾಲ್ಕೂ ನಿಪ್ಪಲ್‌ನಿಂದ ಹಳೇ ಆಯಿಲ್ ಪೂರ್ತಿ ಹೊರಹಾಕಿ ಡಾಟ್ 4 ತುಂಬಿದೆವು. ಸ್ಪೇಸರ್ ಎಸೆದೆವು. ಎಲ್ಲ ಸೇರಿ 12,600 ರೂಪಾಯಿ ಆಯಿತು.

ನೋಡಿದ್ದು

ಮೊದಲ ಪರೀಕ್ಷೆ ಶಿವಮೊಗ್ಗದ ಹೊರಗೆ, ಮನೆಗಳಿಲ್ಲದ ಹೊಸ ಲೇಔಟ್ ರಸ್ತೆಯಲ್ಲಿ. ಮಳೆ ಬರುತ್ತಿತ್ತು, ಅದೇ ಬೇಕಿತ್ತು. 40 ಕಿಲೋಮೀಟರ್ ವೇಗದಲ್ಲಿ ನಾನು ಜೋರಾಗಿ ಬ್ರೇಕ್ ಒತ್ತಿದೆ, ರಸ್ತೆ ಪಕ್ಕ ನಿಂತು ನಮ್ಮ ಗ್ಯಾರೇಜಿನ ಹುಡುಗ ಮೊಬೈಲ್‌ನಲ್ಲಿ ಚಕ್ರಗಳ ವಿಡಿಯೊ ತೆಗೆದ. ನಿಧಾನ ಮಾಡಿ ನೋಡಿದರೆ ಮುಂದಿನ ಚಕ್ರ ನಿಂತಾಗಲೂ ಹಿಂದಿನದು ಉರುಳುತ್ತಿತ್ತು. ಐದು ಸಲವೂ ಹಾಗೇ. ಕಾರು ಗೆರೆ ಎಳೆದ ಹಾಗೆ ನೇರ ನಿಂತಿತು. ಮಗನನ್ನು ಪಕ್ಕ ಕೂರಿಸಿಕೊಂಡು ಆರನೇ ಸಲ ಒತ್ತಿದೆ. ಅವನ ಮುಖದಲ್ಲಿ ಅವತ್ತು ಮೊದಲ ಸಲ ಭಯ ಇಳಿಯಿತು.

ಎರಡನೆಯದು ಆಗುಂಬೆ. ಘಾಟಿಯ ಬುಡದ ಸೋಮೇಶ್ವರದಲ್ಲಿ ನಿಂತು, ದೂರದಿಂದ ಬಿಸಿ ಅಳೆಯುವ ಮೀಟರ್ ಹಿಡಿದೆವು. ಮೇಲಿನಿಂದ ಎರಡನೇ ಗೇರ್‌ನಲ್ಲಿ, ತಿರುವು ಬಂದಾಗ ಮಾತ್ರ ಬ್ರೇಕ್ ಒತ್ತಿ ಇಳಿದಾಗ ಮುಂದಿನ ಡಿಸ್ಕ್ 165 ಡಿಗ್ರಿ, ಹಿಂದಿನ ಡ್ರಮ್ 60. ತಣಿದ ಮೇಲೆ ಮತ್ತೆ ಹತ್ತಿ, ಮಗ ಏಪ್ರಿಲ್‌ನಲ್ಲಿ ಇಳಿಸಿದ ಹಾಗೆ ಮೂರನೇ ಗೇರ್‌ನಲ್ಲಿ ಬ್ರೇಕ್ ಒತ್ತುತ್ತಾ ಇಳಿಸಿದೆ. ನ್ಯೂಟ್ರಲ್ ಮಾತ್ರ ಮಾಡಲಿಲ್ಲ. ಮುಂದಿನ ಡಿಸ್ಕ್ 290 ದಾಟಿತ್ತು, ಸುಟ್ಟ ಲೈನರ್ ವಾಸನೆ. ಡ್ರಮ್ 95. ಹೊಸ ಆಯಿಲ್ ಇದ್ದದ್ದರಿಂದ ಪೆಡಲ್ ಮೇಲೇ ನಿಂತಿತು. ಮೀಟರ್ ಹಿಡಿದಿದ್ದವನು ಮಗನೇ. ಅಂಕಿ ನೋಡಿದ ಮೇಲೆ ಹೇಳಬೇಕಾದದ್ದು ನನಗೆ ಏನೂ ಉಳಿದಿರಲಿಲ್ಲ.

ವಾಪಸ್ ಬರುತ್ತಾ ಅವರ ಮನೆ ಅಂಗಳದಲ್ಲಿ, ಬಿಸಿ ಇದ್ದ ಹಾಗೇ ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಐದು ಹಲ್ಲಿಗೆ ಹಿಡಿಯಿತು. ಚಕ್ರದ ಹಿಂದೆ ಒಂದು ಕಲ್ಲು ಇಟ್ಟು, ಕಲ್ಲಿಗೂ ಟೈರಿಗೂ ನಡುವೆ ಒಂದು ಅಡಿಕೆ ನಿಲ್ಲಿಸಿದರು ಗೌಡ್ರು. ಊಟ ಮಾಡಿ, ಒಂದು ಗಂಟೆ ಮಾತಾಡಿ ಹೊರಗೆ ಬಂದೆವು. ಅಡಿಕೆ ನಿಲ್ಲಿಸಿದ ಹಾಗೇ ಇತ್ತು.

ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲಿನ ನಡುವೆ ಮಗ ಕಾರು ತಂದ. ನಾಲ್ಕು ಸಾವಿರ ಕಿಲೋಮೀಟರ್ ಓಡಿತ್ತು. ಡ್ರಮ್ ಬಿಚ್ಚಿ ನೋಡಿದೆವು. ವೀಲ್ ಸಿಲಿಂಡರ್ ಒಣಗಿತ್ತು, ಸೋರಿಕೆ ಇಲ್ಲ. ಎಡಗಡೆಯ ಅಡ್ಜಸ್ಟರ್ ಸ್ವಲ್ಪ ಬಿಗಿಯಾಗಿತ್ತು, ಮಳೆಗಾಲದ ಕೆಸರಿನ ನೀರು ಒಳಗೆ ಹೋಗಿರಬೇಕು. ಬಿಡಿಸಿ, ಉಜ್ಜಿ, ಗ್ರೀಸ್ ಹಾಕಿ ಕೂರಿಸಿದೆವು. ಮುಂದಿನ ಎಡ ಪ್ಯಾಡ್ ಒಳಗಿನದೂ ಹೊರಗಿನದೂ ಸಮಕ್ಕೆ ಸವೆದಿದ್ದವು. ಬಿಲ್ ಕೊಡುವಾಗ ಅವನು ಬ್ರೇಕ್ ಆಯಿಲ್ ಮತ್ತೆ ಯಾವಾಗ ಬದಲಿಸಬೇಕು ಅಂತ ಕೇಳಿ, ಎರಡು ವರ್ಷ ಮುಂದಿನ ಜುಲೈ ತಿಂಗಳನ್ನು ಮೊಬೈಲ್‌ನಲ್ಲಿ ಬರೆದುಕೊಂಡ.